ಚಳಿಗಾಲಕ್ಕೆ ರೆಡಿಮೇಡ್ ಕೋಳಿಗೂಡು: ಗೂಡು ತಗೊಳ್ಳಿ, ಹೊದಿಕೆ ಬೇಡ

ಹಿತ್ತಲಲ್ಲಿ ನಾಲ್ಕೈದು ಕೋಳಿ ಸಾಕುವವರಿಗೆ ಅಂತ ಈಗ ಪೇಟೆಯಲ್ಲಿ ಕಬ್ಬಿಣದ ರೆಡಿಮೇಡ್ ಗೂಡುಗಳು ಸಿಗುತ್ತವೆ. ವೆಲ್ಡಿಂಗ್ ಅಂಗಡಿಯವರೇ ಮಾಡಿ ರಸ್ತೆ ಬದಿಗೆ ಸಾಲಾಗಿ ನಿಲ್ಲಿಸಿರುತ್ತಾರೆ. ಆನ್‌ಲೈನ್‌ನಲ್ಲೂ ಹೆಚ್ಚುಕಡಿಮೆ ಇದೇ ಮಾದರಿಯವು ಬರುತ್ತವೆ. ನಾವು ತಂದಿದ್ದು ನಾಲ್ಕಡಿ ಉದ್ದ, ಮೂರಡಿ ಅಗಲದ್ದು, ಕೆಳಗೆ ಒಂದೂವರೆ ಅಡಿ ಕಾಲು, ಮೇಲೆ ಇಳಿಜಾರಾಗಿ ತಗಡು. ನಮ್ಮದು ಮೂಡಿಗೆರೆ ಕಡೆ. ಮಳೆ ಹಿಂದೆಗೆದ ಮೇಲೆ ತಂದು, ದೀಪಾವಳಿಯಿಂದ ಸಂಕ್ರಾಂತಿ ದಾಟುವವರೆಗೂ ಕೋಳಿ ಬಿಟ್ಟು ನೋಡಿ ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ಇದು ಹೇಗೆ, ಮಳೆಗಾಲದಲ್ಲಿ ಹೇಗೆ ಅನ್ನುವುದು ಬೇರೆ ಮಾತು. ಇಲ್ಲಿ ಬರೀ ಚಳಿಗಾಲದ್ದು.

ಮೊದಲೇ ಹೇಳಿಬಿಡುತ್ತೇನೆ. ಗೂಡಿಗೆ ಕೊಟ್ಟ 9,500 ರೂಪಾಯಿಗೆ ಮೋಸ ಇಲ್ಲ. ಆದರೆ ಅದರ ಜೊತೆಗೆ ಚಳಿಗಾಲದ ಸೆಟ್ ಅಂತ 1,400 ರೂಪಾಯಿಗೆ ಪ್ಲಾಸ್ಟಿಕ್ ಹೊದಿಕೆ, ಒಂದು ಕೆಂಪು ಬಲ್ಬು, ಹೋಲ್ಡರ್ ಸೇರಿಸಿ ಮಾರುತ್ತಾರಲ್ಲ, ಅದನ್ನು ದಯವಿಟ್ಟು ತಗೊಳ್ಳಬೇಡಿ. ದುಡ್ಡು ಹೋಗುತ್ತದೆ ಅನ್ನುವುದಷ್ಟೇ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಆ ಹೊದಿಕೆಯನ್ನು ಅವರು ಹೇಳಿದ ಹಾಗೆ ಕಟ್ಟಿದರೆ ಕೋಳಿಗೆ ಕಾಯಿಲೆ ಬರುತ್ತದೆ.

ಒಳ್ಳೆಯದರಿಂದ ಶುರು ಮಾಡೋಣ. ಈ ಗೂಡಿನ ದೊಡ್ಡ ಗುಣ ಅಂದ್ರೆ ಜಾಲರಿ. ನಾಲ್ಕೂ ಕಡೆ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿದ್ದಾರೆ, ಫ್ರೇಮಿಗೆ ಹತ್ತಿರ ಹತ್ತಿರ ಚುಕ್ಕೆ ಬೆಸುಗೆ ಹಾಕಿದ್ದಾರೆ. ಸಾಮಾನ್ಯವಾಗಿ ಕಡಿಮೆ ರೇಟಿನ ಗೂಡುಗಳಿಗೆ ಆರು ಮೂಲೆ ಕಣ್ಣಿನ ತೆಳ್ಳಗಿನ ಕೋಳಿ ಜಾಲರಿ ಹಾಕಿರುತ್ತಾರೆ. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ನಾಯಿ ಅದನ್ನು ಹರಿದುಹಾಕುತ್ತದೆ, ಮುಂಗುಸಿ ಎಲ್ಲಾದರೂ ಸಂದಿ ಮಾಡಿಕೊಳ್ಳುತ್ತದೆ. ನಮ್ಮ ಕಡೆ ಚಳಿಗಾಲ ಅಂದ್ರೆ ಕಾಫಿ ಹಣ್ಣಾಗುವ ಕಾಲ. ಹಣ್ಣು ತಿನ್ನೋಕೆ ಪುನುಗು ಬೆಕ್ಕು ತೋಟಕ್ಕೆ ಬಂದೇ ಬರುತ್ತದೆ, ಹಾಗೆ ಬಂದದ್ದು ಹಿತ್ತಲಿಗೂ ಒಂದು ಸುತ್ತು ಹಾಕುತ್ತದೆ. ರಾತ್ರಿ ಗೂಡಿನ ಮೇಲೆ ಅದು ಓಡಾಡಿದ ಸದ್ದು ಕೇಳಿದ್ದೇವೆ, ಬೆಳಿಗ್ಗೆ ತಗಡಿನ ಮೇಲೆ ಕಾಫಿ ಬೀಜ ತುಂಬಿದ ಅದರ ಹಿಕ್ಕೆ ನೋಡಿದ್ದೇವೆ, ಆದರೆ ಒಂದು ಕೋಳಿಗೂ ಏನೂ ಆಗಿಲ್ಲ. ಈ ವಿಷಯದಲ್ಲಿ ಗೂಡಿಗೆ ಪೂರ್ತಿ ಮಾರ್ಕು. ಚಿಲಕ ಮಾತ್ರ ಸಡಿಲ. ಅದಕ್ಕೊಂದು ಕೊಂಡಿ, ಸಣ್ಣ ಬೀಗ ಹಾಕಿಕೊಳ್ಳಿ.

ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಹೊಡೆದು ಮೇಲೆ ಹಸಿರು ಪೇಂಟ್ ಮಾಡಿದ್ದಾರೆ. ಒಳಮೂಲೆಗಳಲ್ಲಿ ಪೇಂಟ್ ಸರಿಯಾಗಿ ಕೂತಿಲ್ಲ. ಮನೆಗೆ ತಂದ ಕೂಡಲೇ ಒಂದು ಕೈ ಹೊಡೆದುಕೊಂಡರೆ ಒಳ್ಳೆಯದು. ಕೋಳಿ ಬಿಟ್ಟ ಮೇಲೆ ಆ ಕೆಲಸ ಆಗಲ್ಲ.

ಈಗ ಹೊದಿಕೆಯ ಕಥೆ. ದಪ್ಪ ಪ್ಲಾಸ್ಟಿಕ್ ಶೀಟು, ಗೂಡಿನ ಅಳತೆಗೆ ಸರಿಯಾಗಿ ಹೊಲಿದಿದ್ದಾರೆ, ನಾಲ್ಕೂ ಕಡೆ ತಗಡಿನ ಅಂಚಿನಿಂದ ಕೆಳಗಿನವರೆಗೂ ಬರುತ್ತದೆ, ಕಟ್ಟೋಕೆ ಹಗ್ಗಕ್ಕೆ ಕಣ್ಣು ಕೊಟ್ಟಿದ್ದಾರೆ. ಹೊಲಿಗೆಯ ಕೆಲಸ ಅಚ್ಚುಕಟ್ಟಾಗಿದೆ. "ಸಂಜೆ ಆರಕ್ಕೆ ಪೂರ್ತಿ ಇಳಿಸಿಬಿಡಿ ಸಾರ್, ಒಂದು ಹನಿ ಗಾಳಿ ಹೋಗಬಾರದು" ಅಂತ ಅಂಗಡಿಯವರು ಹೇಳಿದ್ದರು. ನಮ್ಮ ಅತ್ತೆ ಅದನ್ನು ನೋಡಿದ ಕೂಡಲೇ "ಉಸಿರು ಕಟ್ಟುತ್ತಲ್ಲೋ ಅವಕ್ಕೆ" ಅಂದರು. ಅವರು ಹಿಂದಿನಿಂದಲೂ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಬಿದಿರಿನ ತಟ್ಟಿ ಕಟ್ಟಿ ಕೋಳಿ ಸಾಕಿದವರು. ಅಂಗಡಿಯವರು ಹೇಳಿದ ಹಾಗೇ ಕಟ್ಟಿದರೆ ಏನಾಗುತ್ತದೆ ಅಂತ ನೋಡಬೇಕಿತ್ತು, ಕಟ್ಟಿದೆವು.

ಬೆಳಿಗ್ಗೆ ಒಂದು ಬದಿ ಎತ್ತಿ ಟಾರ್ಚ್ ಹಾಕಿದರೆ ತಗಡಿನ ಒಳಮೈ ಪೂರ್ತಿ ಒದ್ದೆ. ತಗಡಿನ ಪ್ರತಿ ಏಣಿನ ಉದ್ದಕ್ಕೂ ಹನಿಗಳು ಸಾಲಾಗಿ ನಿಂತಿವೆ, ಇಳಿಜಾರಿನ ಕಡೆ ಜಾರಿ ಒಂದಕ್ಕೊಂದು ಸೇರಿಕೊಂಡು ದಪ್ಪ ಆಗಿ ಟಪ್ ಅಂತ ಕೆಳಗೆ ಬೀಳುತ್ತಿವೆ. ಬೀಳುವ ಜಾಗ ಯಾವುದು ಅಂದ್ರೆ ಕೋಳಿ ಕೂರುವ ಅಡ್ಡಪಟ್ಟಿಯ ಮೇಲೆಯೇ. ನಮ್ಮ ಕರಿ ಹೇಟೆಯ ಬೆನ್ನಿನ ಗರಿ ಗುಚ್ಛ ಗುಚ್ಛವಾಗಿ ಅಂಟಿಕೊಂಡಿತ್ತು. ಬೆರಳಿಟ್ಟರೆ ಒಳಗಿನ ತುಪ್ಪಳದವರೆಗೂ ನೆನೆದಿತ್ತು. ಮುಖಕ್ಕೆ ಹೊಡೆದ ವಾಸನೆ ಬೇರೆ, ಕಣ್ಣು ಚುರ್ ಅನ್ನುವಷ್ಟು. ಹೊರಗೆ ಮಳೆ ಇಲ್ಲ, ಒಳಗೆ ಮಳೆ.

ಇದು ಯಾಕೆ ಹೀಗೆ ಅಂತ ಅರ್ಥ ಮಾಡಿಕೊಂಡರೆ ಗೂಡು ಸರಿ ಮಾಡುವುದು ಸುಲಭ. ಕೋಳಿಯ ಮೈ ಬಿಸಿ 41 ಡಿಗ್ರಿ ಆಸುಪಾಸು, ನಮಗಿಂತ ನಾಲ್ಕು ಡಿಗ್ರಿ ಜಾಸ್ತಿ. ದಿನಕ್ಕೆ ಒಂದೊಂದು ದೊಡ್ಡ ಕೋಳಿ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ. ಅದರಲ್ಲಿ ಬಹುಪಾಲು ಉಸಿರಿನಲ್ಲಿ, ಹಿಕ್ಕೆಯಲ್ಲಿ ಹೊರಗೆ ಬರುತ್ತದೆ. ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ. ಚಳಿಗಾಲದಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ ತಗಡು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ, ಅದಕ್ಕೇ ಬೆಳಿಗ್ಗೆ ಬೈಕ್ ಸೀಟು, ಕಾರಿನ ತಲೆ ಎಲ್ಲ ಇಬ್ಬನಿಯಲ್ಲಿ ತೊಯ್ದಿರುತ್ತವೆ. ಗೂಡಿನೊಳಗಿನ ಬೆಚ್ಚಗಿನ ತೇವದ ಗಾಳಿ ಮೇಲೇರಿ ಆ ತಣ್ಣನೆ ತಗಡಿಗೆ ತಾಗಿದ ಕೂಡಲೇ ನೀರಾಗುತ್ತದೆ. ಹೊರಗೆ ಹೋಗೋಕೆ ದಾರಿ ಇದ್ದಿದ್ದರೆ ಹೋಗುತ್ತಿತ್ತು. ಹೊದಿಕೆ ಆ ದಾರಿ ಮುಚ್ಚಿತು.

ಕೋಳಿಗೆ ಗರಿಯೇ ಕಂಬಳಿ. ಗರಿಗಳ ನಡುವೆ ಗಾಳಿ ಹಿಡಿದಿಟ್ಟುಕೊಂಡು ಮೈ ಉಬ್ಬಿಸಿ ಕೂತರೆ ನಮ್ಮೂರ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಗರಿ ನೆನೆದರೆ ಆ ಗಾಳಿ ಇರಲ್ಲ, ಆಗ 15 ಡಿಗ್ರಿಯಲ್ಲೂ ನಡುಗುತ್ತದೆ. ಅದರ ಮೇಲೆ ಒದ್ದೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ನಿಮ್ಮ ಕಣ್ಣಿಗೆ ಚುರ್ ಅನ್ನಿಸಿತು ಅಂದ್ರೆ ರಾತ್ರಿಯಿಡೀ ಅದರೊಳಗೇ ಕೂತ ಕೋಳಿಯ ಕಣ್ಣು, ಮೂಗು, ಶ್ವಾಸನಾಳ ಏನಾಗಿರಬೇಡ? ಮೊದಲು ಸೀನು, ಆಮೇಲೆ ಕಣ್ಣಿನ ಮೂಲೆಯಲ್ಲಿ ನೊರೆ, ಆಮೇಲೆ ಗೊರಗೊರ ಉಸಿರು. ಎಷ್ಟೋ ಜನ ಚಳಿಗೆ ಕೋಳಿಗೆ ಶೀತ ಆಯ್ತು ಅಂತ ಇನ್ನೊಂದು ಸುತ್ತು ಪ್ಲಾಸ್ಟಿಕ್ ಬಿಗಿಯುತ್ತಾರೆ. ಅದರಿಂದ ಕಾಯಿಲೆ ಇನ್ನೂ ಜೋರಾಗುತ್ತದೆ.

ಹಾಗಾದ್ರೆ ಗಾಳಿ ತಡೆಯೋದು ಬೇಡವೇ? ಬೇಕು. ಆದರೆ ಕೋಳಿ ಕೂರುವ ಎತ್ತರದಲ್ಲಿ ಬೇಕು, ತಲೆ ಮೇಲೆ ಬೇಡ. ನಾವು ಆ ಹೊದಿಕೆಯನ್ನು ಬಿಚ್ಚಿ ಎರಡು ಬದಿಗೆ ಮಾತ್ರ ಇಟ್ಟುಕೊಂಡೆವು, ಉತ್ತರಕ್ಕೆ ಮತ್ತು ಮೂಡಣಕ್ಕೆ. ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಬೀಸುವುದು ಆ ಕಡೆಯಿಂದ. ಅದನ್ನೂ ತಗಡಿನ ಅಂಚಿನಿಂದ ನಾಲ್ಕು ಇಂಚು ಕೆಳಗೆ ಇಳಿಸಿ ಕಟ್ಟಿದೆವು, ಸುತ್ತಲೂ ಆ ನಾಲ್ಕು ಇಂಚು ಬರೀ ಜಾಲರಿ. ಪಡುವಣ ಬದಿಗೆ ಅರ್ಧ ಎತ್ತರಕ್ಕೆ ಗೋಣಿಚೀಲ. ತೆಂಕಣ ಪೂರ್ತಿ ಬಯಲು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ಆ ಕಡೆ ಬಾಗಿಲು ಬಂದರೆ ಬೆಳಗಿನ ಬಿಸಿಲು ನೆಲದವರೆಗೂ ಬೀಳುತ್ತದೆ. ಗೂಡಿಗೆ ಕಾಲಿರುವುದರಿಂದ ಇಬ್ಬರು ಸೇರಿ ಎತ್ತಿ ತಿರುಗಿಸಿ ಇಡಬಹುದು, ಇದು ಕಲ್ಲು ಕಟ್ಟಿದ ಗೂಡಿಗಿಲ್ಲದ ಅನುಕೂಲ.

ತಗಡಿನ ಮೇಲೆ ಅಡಿಕೆ ಸೋಗೆ ಎರಡು ಪದರ ಹಾಸಿ ಹಗ್ಗ ಬಿಗಿದೆವು. ಇದಕ್ಕೆ ಖರ್ಚು ಸೊನ್ನೆ. ಸೋಗೆ ಹಾಸಿದ ಮೇಲೆ ತಗಡು ಆಕಾಶಕ್ಕೆ ನೇರ ಮುಖ ಮಾಡಿ ತಣ್ಣಗಾಗುವುದು ತಪ್ಪಿತು, ಮರುದಿನದಿಂದಲೇ ಒಳಗಿನ ಹನಿ ನಿಂತಿತು. ದಟ್ಟ ಮಂಜು ಇದ್ದ ಬೆಳಿಗ್ಗೆ ಕೈಯಾಡಿಸಿದರೆ ತಣ್ಣಗೆ ಹಸಿ ಅನ್ನಿಸುತ್ತದೆ, ಆದರೆ ಹನಿ ಕಟ್ಟಲ್ಲ. ಸೋಗೆ ಇಲ್ಲದವರು ತೆಂಗಿನ ಗರಿ ಹೆಣೆದು ಹಾಕಬಹುದು. ಒಟ್ಟಿನಲ್ಲಿ ತಗಡು ಬರಿ ಮೈಯಲ್ಲಿ ಇರಬಾರದು.

ನೆಲದ ಬಗ್ಗೆ. ಗೂಡಿನ ತಳವೂ ಜಾಲರಿಯೇ, ಹಿಕ್ಕೆ ಕೆಳಗಿನ ಟ್ರೇಗೆ ಬೀಳಲಿ ಅಂತ. ಮಳೆಗಾಲಕ್ಕೆ ಇದು ಒಳ್ಳೆಯ ಏರ್ಪಾಡು ಇರಬಹುದು, ಚಳಿಗೆ ಸರಿ ಇಲ್ಲ. ಕೆಳಗಿನಿಂದ ಗಾಳಿ ಸೀದಾ ಹೊಟ್ಟೆಗೆ ಬಡಿಯುತ್ತದೆ. ಗಿರಿರಾಜದಂಥ ತೂಕದ ಕೋಳಿಗಂತೂ ತಂತಿಯ ಮೇಲೆ ನಿಂತು ನಿಂತು ಅಂಗಾಲು ಬಾತುಕೊಳ್ಳುತ್ತದೆ. ನಾವು ಟ್ರೇಯನ್ನು ಹೊರಗೆಳೆದು ಜಾಲರಿಯ ಮೇಲೇ ಇಟ್ಟು ಅದರಲ್ಲಿ ಭತ್ತದ ಹೊಟ್ಟು ತುಂಬಿದೆವು. ಟ್ರೇಯ ಅಂಚು ಒಂದೂವರೆ ಇಂಚು ಮಾತ್ರ, ಹೊಟ್ಟು ಮೂರು ಇಂಚಾದರೂ ಬೇಕು. ಸುತ್ತ ಮರದ ರೀಪರ್ ಪಟ್ಟಿ ಹೊಡೆದುಕೊಳ್ಳಬೇಕು. ಇಷ್ಟು ಚಿಕ್ಕ ವಿಷಯ, ಮಾಡುವವರೇ ಟ್ರೇ ಇನ್ನೆರಡು ಇಂಚು ಆಳ ಮಾಡಿದ್ದರೆ ಮುಗಿಯುತ್ತಿತ್ತು.

ಹೊಟ್ಟು ಸರಿಯಾಗಿದೆಯಾ ಅಂತ ತಿಳಿಯೋಕೆ ಮೀಟರ್ ಬೇಡ. ಒಂದು ಹಿಡಿ ತೆಗೆದುಕೊಂಡು ಗಟ್ಟಿಯಾಗಿ ಅದುಮಿ ಕೈ ಬಿಡಿ. ಪುಡಿಯಾಗಿ ಬಿಚ್ಚಿಕೊಂಡರೆ ಸರಿ. ಉಂಡೆಯಾಗಿ ಹಾಗೇ ನಿಂತರೆ ತೇವ ಜಾಸ್ತಿ, ಆ ಜಾಗದ್ದು ತೆಗೆದು ಹೊಸದು ಹಾಕಿ. ದಿನಾ ಕೋಳಿ ಹೊರಗೆ ಬಿಟ್ಟ ಮೇಲೆ ಕೋಲಿನಿಂದ ಒಂದು ಸಲ ಕೆದಕಿದರೆ ಸಾಕು, ಬೇಗ ಹೆಪ್ಪುಗಟ್ಟಲ್ಲ. ಬೀದರ್, ಕಲಬುರಗಿ ಕಡೆಯವರು ಶೇಂಗಾ ಸಿಪ್ಪೆ ಹಾಕಬಹುದು, ಚೆನ್ನಾಗಿ ಒಣಗಿರಬೇಕು, ಬೂಸ್ಟು ಹಿಡಿದದ್ದು ಬೇಡವೇ ಬೇಡ. ಹಳೆಯ ಹೊಟ್ಟು ಕೊಳೆಸಿ ಕಾಫಿ ಗಿಡಕ್ಕೋ ತರಕಾರಿ ಮಡಿಗೋ ಹಾಕಿ, ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ.

ಇನ್ನೊಂದು ತಕರಾರು ಕೋಳಿ ಕೂರುವ ಅಡ್ಡದ್ದು. ಮುಕ್ಕಾಲು ಇಂಚಿನ ಕಬ್ಬಿಣದ ಪೈಪು ಬೆಸುಗೆ ಹಾಕಿದ್ದಾರೆ. ರಾತ್ರಿ ಕೋಳಿ ಕೂತಾಗ ಬೆರಳುಗಳ ಮೇಲೆ ಹೊಟ್ಟೆಯ ಗರಿ ಇಳಿಬಿಟ್ಟು ಮುಚ್ಚಿಕೊಳ್ಳುತ್ತದೆ, ಅದರ ಕಾಲು ಬೆಚ್ಚಗಿರೋದೇ ಹಾಗೆ. ಸಣ್ಣ ಪೈಪಾದರೆ ಬೆರಳು ಸುತ್ತಿ ಹಿಡಿದು ಕೂರಬೇಕು, ತುದಿ ಹೊರಗೇ ಉಳಿಯುತ್ತದೆ, ಸಾಲದ್ದಕ್ಕೆ ತಣ್ಣಗಿನ ಕಬ್ಬಿಣ. ಎರಡು ಇಂಚು ಅಗಲದ ಮರದ ಪಟ್ಟಿಯ ಅಂಚು ಉಜ್ಜಿ ಪೈಪಿನ ಮೇಲೆ ತಂತಿಯಿಂದ ಬಿಗಿದರೆ ಆಯ್ತು. ತೋಟದವರಿಗೆ ಸಿಲ್ವರ್ ಓಕ್ ಕೊಂಬೆ ಸಿಕ್ಕೇ ಸಿಗುತ್ತದೆ, ಅದೂ ನಡೆಯುತ್ತದೆ.

ಹತ್ತು ಕೋಳಿ ಹಿಡಿಯುತ್ತೆ ಅಂತ ಮಾರುತ್ತಾರೆ. ಒಪ್ಪಲ್ಲ. ಒಂದು ಕೋಳಿಗೆ ಕೂರೋಕೆ ಎಂಟು ಇಂಚಾದರೂ ಅಡ್ಡಪಟ್ಟಿ ಬೇಕು, ನಾಲ್ಕಡಿ ಪಟ್ಟಿಯಲ್ಲಿ ಆರು ನಾಟಿ ಕೋಳಿ ಕೂರಬಹುದು, ಗಿರಿರಾಜ ಆದ್ರೆ ನಾಲ್ಕು. ಅದೂ ಹಗಲು ಹೊರಗೆ ಬಿಡುವವರಿಗೆ. ಹಗಲೂ ರಾತ್ರಿ ಕೂಡಿಹಾಕುವುದಾದರೆ ಈ ಹನ್ನೆರಡು ಚದರ ಅಡಿಯಲ್ಲಿ ಮೂರಕ್ಕಿಂತ ಹೆಚ್ಚು ಬೇಡ. ಚಳಿಗೆ ಒತ್ತೊತ್ತಾಗಿ ಇದ್ದರೆ ಬೆಚ್ಚಗಿರುತ್ತೆ ಅನ್ನುವ ಮಾತನ್ನು ಅಂಗಡಿಯಲ್ಲೂ ಹೇಳಿದರು, ಊರಲ್ಲೂ ಕೇಳುತ್ತೇನೆ. ಕೋಳಿ ಜಾಸ್ತಿ ಆದಷ್ಟೂ ತೇವ ಜಾಸ್ತಿ, ಹೇನು ಜಾಸ್ತಿ, ಕುಕ್ಕಾಟ ಜಾಸ್ತಿ.

ಸೆಟ್ಟಿನ ಜೊತೆ ಬರುವ ಕೆಂಪು ಬಲ್ಬು ದೊಡ್ಡ ಕೋಳಿಗೆ ಬೇಕಿಲ್ಲ. ಒಣ ಹೊಟ್ಟಿನ ಮೇಲೆ ಉರಿಯುವ ಬಿಸಿ ಬಲ್ಬನ್ನು ಒಂದು ತೆಳ್ಳಗಿನ ವೈರಿನಲ್ಲಿ ನೇತುಹಾಕಿ ನಾವು ಒಳಗೆ ಹೋಗಿ ಮಲಗುವುದು ನನಗೆ ಸರಿ ಕಾಣಲ್ಲ. ಕೋಳಿ ಹಾರಿ ಬಡಿದರೆ ಬಿದ್ದೇ ಬೀಳುತ್ತದೆ. ಬೆಚ್ಚಗೆ ಅಭ್ಯಾಸ ಮಾಡಿಸಿ ನಡುರಾತ್ರಿ ಕರೆಂಟ್ ಹೋದರೆ ಅದು ಇನ್ನೊಂದು ಕಷ್ಟ. ಬಲ್ಬು ಹಾಕಿದ್ರೆ ಮೊಟ್ಟೆ ಜಾಸ್ತಿ ಇಡ್ತವೆ ಅಂತ ಅಂಗಡಿಯಲ್ಲಿ ಹೇಳುವುದರಲ್ಲಿ ಸ್ವಲ್ಪ ನಿಜ ಇದೆ, ಆದರೆ ಅದು ಬಿಸಿಯ ಕೆಲಸ ಅಲ್ಲ, ಬೆಳಕಿನ ಕೆಲಸ. ಚೆನ್ನಾಗಿ ಮೊಟ್ಟೆ ಇಡೋಕೆ ಕೋಳಿಗೆ ದಿನಕ್ಕೆ 14 ಗಂಟೆಯಾದರೂ ಬೆಳಕು ಬೇಕು, ಡಿಸೆಂಬರ್‌ನಲ್ಲಿ ನಮ್ಮ ಹಗಲು ಹನ್ನೊಂದೂವರೆ ಗಂಟೆಯೂ ಇರಲ್ಲ. ಸ್ವರ್ಣಧಾರದಂಥ ಮೊಟ್ಟೆಯ ತಳಿ ಇಟ್ಟವರು ಬೆಳಗಿನ ಜಾವ ಒಂದು ಸಣ್ಣ ಎಲ್ಇಡಿ ಹಾಕಿದರೆ ಪ್ರಯೋಜನ ಕಾಣಬಹುದು. ನಾಟಿ ಕೋಳಿ ಒಂದಷ್ಟು ಮೊಟ್ಟೆ ಇಟ್ಟು ಕಾವಿಗೆ ಕೂರುವ ಜಾತಿ, ಅದಕ್ಕೆ ಸುಮ್ನೆ ಕರೆಂಟ್ ಸುಡಬೇಡಿ. ಸಂಜೆ ಗೂಡು ಸೇರುವ ಮೊದಲು ಒಂದೊಂದು ಹಿಡಿ ಜೋಳ ಚೆಲ್ಲಿ. ರಾತ್ರಿಯಿಡೀ ಅರಗುತ್ತಾ ಹೊಟ್ಟೆಯೊಳಗಿಂದಲೇ ಬಿಸಿ ಕೊಡುತ್ತದೆ.

ಮರಿಗಳ ವಿಷಯ ಬೇರೆಯೇ. ಅವಕ್ಕೆ ಗರಿ ಬಂದಿರಲ್ಲ, ಬಿಸಿ ಬೇಕೇ ಬೇಕು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಈ ಗೂಡಿನಲ್ಲಿ ಅದು ಆಗದ ಮಾತು, ನಾಲ್ಕೂ ಕಡೆ ಜಾಲರಿ ಇರುವಲ್ಲಿ ಬಿಸಿ ಎಲ್ಲಿ ನಿಲ್ಲುತ್ತದೆ? ಮನೆಯೊಳಗೆ ಅಥವಾ ಕೊಟ್ಟಿಗೆಯಲ್ಲಿ ರಟ್ಟನ್ನು ದುಂಡಗೆ ಸುತ್ತಿ ನಿಲ್ಲಿಸಿ, ಮೇಲಿಂದ ಬಲ್ಬು ಗಟ್ಟಿಯಾಗಿ ಕಟ್ಟಿ ಸಾಕಿಕೊಳ್ಳಿ. ದುಂಡಗೇ ಯಾಕೆ ಅಂದ್ರೆ ಮೂಲೆ ಇದ್ದರೆ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಎಲ್ಇಡಿ ಬಲ್ಬಿನಿಂದ ಬಿಸಿ ಬರಲ್ಲ, ಹಳೆಯ ಕಾಲದ ತಂತಿ ಬಲ್ಬೋ ಈ ಕೆಂಪು ಬಲ್ಬೋ ಬೇಕು. ಮರಿಗಳು ಬಲ್ಬಿನ ಕೆಳಗೇ ಗುಂಪಾಗಿ ಕೂಗಿದರೆ ಚಳಿ, ದೂರ ಓಡಿ ಬಾಯಿ ತೆರೆದರೆ ಸೆಕೆ, ಎಲ್ಲ ಒಂದೇ ಬದಿಗೆ ಒತ್ತಿಕೊಂಡಿದ್ದರೆ ಎಲ್ಲಿಂದಲೋ ಗಾಳಿ ಹೊಡೆಯುತ್ತಿದೆ ಅಂತ ಅರ್ಥ. ಹೊಸದಾಗಿ ಸಾಕುವವರು ಡಿಸೆಂಬರ್‌ನಲ್ಲಿ ಮರಿ ತರಲೇಬೇಡಿ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದಲ್ಲ, ಆಮೇಲೆ ತನ್ನಿ.

ಗೂಡಿನ ಒಳಗೆ ತೂಗುಹಾಕಲು ಕೊಟ್ಟಿರುವ ನೀರಿನ ಡಬ್ಬಿ ಸೋರುತ್ತದೆ. ರಾತ್ರಿ ಕೋಳಿ ನೀರು ಕುಡಿಯಲ್ಲ. ಸಂಜೆ ಹೊರಗೆ ತೆಗೆದಿಡಿ, ಅರ್ಧ ತೇವ ಅಲ್ಲಿಗೇ ಕಡಿಮೆಯಾಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬೆಚ್ಚಗಿನ ನೀರು ಇಡಿ.

ಗೂಡು ಎಷ್ಟೇ ಚೆನ್ನಾಗಿದ್ದರೂ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸಿಕೆ ಹಾಕಿಸದೆ ಚಳಿಗಾಲಕ್ಕೆ ಹೋಗಬೇಡಿ. ಆ ಲಸಿಕೆಯ ಬಾಟಲಿ ಬರುವುದೇ ನೂರಾರು ಕೋಳಿಯ ಲೆಕ್ಕದಲ್ಲಿ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಅದಕ್ಕೇ ನಾಲ್ಕು ಕೋಳಿ ಇಟ್ಟವರು ಯಾರೂ ತಲೆ ಕೆಡಿಸಿಕೊಳ್ಳಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿ ಒಂದೇ ದಿನ ಎಲ್ಲ ಕೋಳಿಗೂ ಹಾಕಿಸಿಕೊಂಡರೆ ಆಗುತ್ತದೆ, ನಮ್ಮ ಕೇರಿಯಲ್ಲಿ ಹಾಗೇ ಮಾಡಿದೆವು. ಈ ರೋಗ ಬಂದ ಮೇಲೆ ಔಷಧಿ ಇಲ್ಲ.

ಬೇರೆ ಊರಿನವರಿಗೆ ಸ್ವಲ್ಪ ಬದಲಾವಣೆ ಬೇಕಾಗಬಹುದು. ಬೀದರ್, ವಿಜಯಪುರ ಕಡೆ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ, ಬಯಲುಸೀಮೆಯ ಒಣ ಗಾಳಿ ಬೇರೆ. ಅಲ್ಲಿ ಮೂರು ಬದಿ ಮುಚ್ಚಿ, ಆದರೆ ಮೇಲಿನ ನಾಲ್ಕು ಇಂಚು ಬಿಡಿ. ಬೆಂಗಳೂರಿನಲ್ಲಿ ಟೆರೇಸ್ ಮೇಲೆ ಇಡುವವರು ಪ್ಯಾರಾಪೆಟ್ ಗೋಡೆಯ ಮರೆಗೆ ತಂದಿಡಿ, ನೀರಿನ ಟ್ಯಾಂಕಿನ ಪಕ್ಕ ಸಂದಿಯಲ್ಲಿ ಗಾಳಿ ಜೋರಾಗಿ ನುಗ್ಗುತ್ತದೆ, ಅಲ್ಲಿ ಬೇಡ. ಹಿಮ ಬೀಳುವ ದೇಶಗಳಲ್ಲಿ ಹಿತ್ತಲ ಕೋಳಿ ಸಾಕುವವರೂ ಮೇಲಿನ ಕಿಂಡಿ ಮುಚ್ಚಲ್ಲ. ಅಲ್ಲಿ ಒಳಗೆ ತೇವ ನಿಂತರೆ ಕೋಳಿಯ ಜುಟ್ಟು ಹೆಪ್ಪುಗಟ್ಟಿ ಕಪ್ಪಾಗಿಬಿಡುತ್ತದೆ.

ಅಂಗಡಿಯವರ ಸರ್ವಿಸ್ ಬಗ್ಗೆ ದೂರಿಲ್ಲ. ಹೇಳಿದ ದಿನ ಪಿಕಪ್‌ನಲ್ಲಿ ತಂದು ಹಿತ್ತಲವರೆಗೂ ಹೊತ್ತು ಇಟ್ಟು ಹೋದರು, ಒಂದು ಕಾಲು ಗಿಡ್ಡ ಇತ್ತು, ಫೋನ್ ಮಾಡಿದ ಮೇಲೆ ಬಂದು ಸರಿ ಮಾಡಿದರು. ಹೊದಿಕೆಯ ಬಗ್ಗೆ ಹೇಳಿದಾಗ ಮಾತ್ರ "ಎಲ್ಲರೂ ಇದನ್ನೇ ಒಯ್ತಾರೆ ಸಾರ್, ಯಾರೂ ಏನೂ ಹೇಳಿಲ್ಲ" ಅಂದರು. ಮೊಬೈಲಿನಲ್ಲಿ ತೆಗೆದ ತಗಡಿನ ಹನಿಯ ಫೋಟೋ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ಹೊದಿಕೆಯನ್ನು ಗಿಡ್ಡ ಹೊಲಿಸಿ ಕೊಡಬಹುದು, ತಗಡನ್ನೂ ಇನ್ನೊಂದು ಅರ್ಧ ಅಡಿ ಹೊರಚಾಚಿ ಹಾಕಬಹುದು ಅಂದರು. ಹೊರಚಾಚಿದರೆ ಮೇಲಿನ ಕಿಂಡಿಯಿಂದ ಎರಚಲೂ ಒಳಗೆ ಬರಲ್ಲ, ನನಗೂ ಅದು ಹಿಡಿಸಿತು. ನಿಮ್ಮೂರಲ್ಲಿ ಮಾಡಿಸುವವರೂ ವೆಲ್ಡಿಂಗ್ ಶುರುವಾಗುವ ಮೊದಲೇ ಮೂರು ಮಾತು ಹೇಳಿಬಿಡಿ: ತಗಡು ಹೊರಚಾಚಿರಲಿ, ಟ್ರೇ ನಾಲ್ಕು ಇಂಚು ಆಳ ಇರಲಿ, ಕೂರುವ ಅಡ್ಡೆ ಮರದ್ದಿರಲಿ. ನಮ್ಮಲ್ಲಿ ಇಷ್ಟಕ್ಕೆ ಹೆಚ್ಚಿಗೆ 600 ರೂಪಾಯಿ ಆಗುತ್ತೆ ಅಂದಿದ್ದಾರೆ, ಆ ಚಳಿಗಾಲದ ಸೆಟ್ಟಿನ ಅರ್ಧ ಬೆಲೆಯೂ ಆಗಲ್ಲ.